ಉಸಿರಿನ ವರದಿ

ಕಾರ್ಕಳ
12 ಜುಲೈ 2024

ಯೋಗದ ಟೀಚರ್ ವನೆಸ್ಸಾ ಅವರಿಗೆ,

ನಮಸ್ಕಾರ. ನಾನು ನಳಿನಾಕ್ಷಿ. ಗೇರುಬೀಜದ ಕಾರ್ಖಾನೆಯಲ್ಲಿ ನಿಮ್ಮ ಕ್ಲಾಸಿನ ಮೂರನೇ ಸಾಲಿನಲ್ಲಿ ಕುಳಿತುಕೊಳ್ಳುವವಳು. ಇವತ್ತು ಎಪ್ಪತ್ತು ಹೆಂಗಸರ ಎದುರು ನೀವು ಯಾರ ಹೆಸರು ಹಿಡಿದು, "ನಳಿನಕ್ಕ, ನಿಮ್ಮ ಮುಖದಲ್ಲಿ ತುಂಬಾ ಸಿಟ್ಟುಂಟು, ಅದನ್ನು ಬಿಟ್ಟು ಈಗಿನ ಕ್ಷಣಕ್ಕೆ ಬನ್ನಿ" ಎಂದಿರೋ ಅವಳೇ ನಾನು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಿಮ್ಮ ನಗುವಿನಲ್ಲಿ ಕೆಟ್ಟತನ ಇರಲಿಲ್ಲ, ಗೊತ್ತು. ಆದರೂ ಮನೆಗೆ ಬಂದ ಮೇಲೆ ಅನ್ನದ ತಟ್ಟೆ ಬದಿಗಿಟ್ಟು ಬರೆಯಲು ಕೂತೆ.

ಇದನ್ನು ಕಾಗದದಲ್ಲಿ ಬರೆಯಲು ಕಾರಣ ಉಂಟು. ನೀವು ಮಾಡಿದ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಸೂಪರ್‌ವೈಸರ್ ಜಿತೇಂದ್ರ ಸರ್ ಇದ್ದಾರೆ. ಕ್ಲಾಸು ನಡೆಯುವಾಗಲೂ ಅವರು ಬಾಗಿಲಿಗೆ ಒರಗಿ ನಿಂತಿರುತ್ತಾರೆ. ಮೊದಲ ದಿನ ನೀವು ಹಂಚಿದ ಕಾರ್ಡಿನಲ್ಲಿ ಶಂಕರಪುರದ ವಿಳಾಸ ಇತ್ತು. ನಾನು ಹತ್ತನೇ ಕ್ಲಾಸಿನ ಮೇಲೆ ಓದಲಿಲ್ಲ, ಆದರೆ ಶಾಲೆಯಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು. ಓದಲು ನಿಮಗೆ ಕಷ್ಟವಾಗಲಿಕ್ಕಿಲ್ಲ.

ಮೊದಲು ಆ ಅರ್ಧ ಗಂಟೆಯ ವಿಷಯ. ವಾರಕ್ಕೆ ಮೂರು ದಿನ ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ ನೀವು ಯೋಗ ಹೇಳಿಕೊಡುತ್ತೀರಿ. ಆ ಸಮಯ ಕಾರ್ಖಾನೆಯವರು ನಮಗೆ ಕೊಟ್ಟದ್ದೆಂದು ನೀವು ತಿಳಿದಿರಬಹುದು. ಅಲ್ಲ. ಅದು ನಮ್ಮ ಊಟದ ಬಿಡುವು. ಒಂದು ಗಂಟೆ ಇದ್ದದ್ದು ಈಗ ಅರ್ಧವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು, ಮನೆಯ ಕೆಲಸ ಮುಗಿಸಿ, ಎಂಟಕ್ಕೆ ಬಂದು ಕೂತವರಿಗೆ ಬೆನ್ನು ನೆಟ್ಟಗಾಗುವುದು ಆ ಹೊತ್ತಿಗೆ ಮಾತ್ರ. ಊಟದ ಶೆಡ್ಡಿನ ಸಿಮೆಂಟಿನ ಮೇಲೆ ಸೆರಗು ಹಾಸಿ ಹದಿನೈದು ನಿಮಿಷ ಕಣ್ಣು ಮುಚ್ಚುತ್ತಿದ್ದೆವು. ಈಗ ಅದೇ ಸಿಮೆಂಟಿನ ಮೇಲೆ ನಿಮ್ಮ ಚಾಪೆ. ಕಣ್ಣು ಮುಚ್ಚಿ, ಆದರೆ ನಿದ್ರೆ ಮಾಡಬೇಡಿ ಎನ್ನುತ್ತೀರಿ. ಆಕಳಿಸಿದರೆ "ಗಮನ ಇಲ್ಲಿಗೆ ತನ್ನಿ" ಎನ್ನುತ್ತೀರಿ. ಗಮನ ಇಲ್ಲೇ ಉಂಟು ಟೀಚರ್. ಇಲ್ಲದ್ದು ನಿದ್ರೆ.

ಈಗಿನ ಕ್ಷಣದಲ್ಲಿ ಏನುಂಟು, ಸುಮ್ಮನೆ ನೋಡಿ ಎಂದಿರಿ. ನೋಡಿದೆ. ನನ್ನ ಹಿಂದೆ ಸುಗಂಧಿ ಕೆಮ್ಮುತ್ತಿದ್ದಳು. ಅವಳು ಬೀಜ ಒಡೆಯುವ ಕಟ್ಟಿಂಗ್ ಹಾಲಿನವಳು, ಪ್ರಾಯ ಮೂವತ್ತೈದೂ ಆಗಿಲ್ಲ. ಆ ಹಾಲಿನ ಪಕ್ಕದಲ್ಲೇ ಬಾಯ್ಲರ್, ಅದಕ್ಕೆ ಗೇರಿನ ಚಿಪ್ಪನ್ನೇ ಉರಿಸುತ್ತಾರೆ. ಹೊಗೆಯನ್ನು ಎಳೆದು ಹೊರಗೆ ಹಾಕಲು ಗೋಡೆಯಲ್ಲಿ ನಾಲ್ಕು ಫ್ಯಾನುಗಳಿವೆ. ಕಳೆದ ದೀಪಾವಳಿಯಿಂದ ಒಂದೂ ತಿರುಗುತ್ತಿಲ್ಲ. ಮೂರು ಸಲ ಬರೆದು ಕೊಟ್ಟೆವು. ಫ್ಯಾನ್ ರಿಪೇರಿಯವನು ಬರಲಿಲ್ಲ, ನೀವು ಬಂದಿರಿ.

ಇನ್ನು ಮೇಲೆ ದಯವಿಟ್ಟು ನನ್ನ ಸಿಟ್ಟಿನ ಬಗ್ಗೆ ನಾಲ್ಕು ಜನರ ಎದುರು ಮಾತಾಡಬೇಡಿ. ಸಿಟ್ಟು ನನ್ನದು. ಅದರ ಕಾರಣ ನನ್ನದಲ್ಲ.

ಇತಿ,
ನಳಿನಾಕ್ಷಿ
ಸಿಪ್ಪೆ ಬಿಡಿಸುವ ವಿಭಾಗ


ಶಂಕರಪುರ
20 ಜುಲೈ 2024

ಪ್ರೀತಿಯ ನಳಿನಕ್ಕ,

ನಿಮ್ಮ ಕಾಗದವನ್ನು ಪೋಸ್ಟ್‌ಮ್ಯಾನ್ ಕೊಟ್ಟು ಹೋದಾಗ ಅಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನನಗೆ ಯಾರಾದರೂ ಕೈಯಲ್ಲಿ ಬರೆದು ಎಷ್ಟೋ ವರ್ಷವಾಗಿತ್ತು. ಖುಷಿಯಿಂದ ಒಡೆದೆ. ಓದುತ್ತಾ ಮುಖ ಬಿಸಿಯಾಯಿತು. ನಿಮ್ಮನ್ನು ಎಲ್ಲರೆದುರು ಹೆಸರು ಹಿಡಿದು ಹೇಳಿದ್ದು ತಪ್ಪು. ಕ್ಷಮಿಸಿ.

ಅದು ಊಟದ ಬಿಡುವು ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬುಧವಾರ ಕ್ಲಾಸು ಮುಗಿದ ಮೇಲೆ ಜಿತೇಂದ್ರ ಸರ್ ಹತ್ತಿರ ಕೇಳಿದೆ. ಕೆಲಸದವರೇ ಒಪ್ಪಿಕೊಂಡದ್ದು ಎಂದರು. ಫ್ಯಾನಿನ ವಿಷಯವೂ ತೆಗೆದೆ, ನೋಡುತ್ತೇವೆ ಎಂದರು. ನಿಮಗೆ ಇದನ್ನೆಲ್ಲ ಯಾರು ಹೇಳಿದ್ದು ಎಂದು ಕೇಳಿದಾಗ, ನಳಿನಕ್ಕ ಎಷ್ಟು ಚಂದ ಕಾಗದ ಬರೆಯುತ್ತಾರೆ ಗೊತ್ತಾ ಸರ್ ಎಂದೆ. ಅವರಿಗೂ ಆಶ್ಚರ್ಯವಾಯಿತು.

ಅಕ್ಕ, ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಬಿಳಿ ಬಟ್ಟೆ ಹಾಕಿಕೊಂಡು ಬೋಧನೆ ಮಾಡುವ ಶೋಕಿಗೆ ನಾನು ಯೋಗಕ್ಕೆ ಬಂದವಳಲ್ಲ. ಮಣಿಪಾಲದಲ್ಲಿ ಎರಡನೇ ವರ್ಷ ಓದುತ್ತಿದ್ದಾಗ ನನ್ನ ಅಪ್ಪ ಆಲ್ಫೋನ್ಸ್ ತೀರಿಕೊಂಡರು. ಬೆಳಿಗ್ಗೆ ಮಲ್ಲಿಗೆ ಗಿಡಗಳಿಗೆ ನೀರು ಬಿಟ್ಟವರು ಮಧ್ಯಾಹ್ನ ಇರಲಿಲ್ಲ. ಆಮೇಲೆ ನನಗೆ ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಇಗರ್ಜಿಯ ಪ್ರಾರ್ಥನೆಯಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿತ್ತು. ಸತ್ತೇ ಹೋಗುತ್ತೇನೆ ಎನಿಸುತ್ತಿತ್ತು. ಹಾಸ್ಟೆಲಿನ ಪಕ್ಕದ ಕೋಣೆಯ ಹುಡುಗಿಯೊಬ್ಬಳು ಕೈ ಹಿಡಿದು, "ತೆಗೆದುಕೊಳ್ಳುವುದು ಇರಲಿ, ಮೊದಲು ಬಿಡು. ಉದ್ದಕ್ಕೆ ಬಿಡು" ಎಂದು ಹೇಳಿಕೊಟ್ಟಳು. ಇವತ್ತು ನಾನು ನಿಂತಿರುವುದು ಆ ಒಂದು ಉಸಿರಿನ ಮೇಲೆ. ಅದನ್ನು ನಾಲ್ಕು ಜನರಿಗೆ ದಾಟಿಸಬೇಕು ಎಂಬುದೊಂದೇ ನನ್ನ ಆಸೆ.

ಸಿಟ್ಟು ಇಟ್ಟುಕೊಂಡರೆ ಸುಡುವುದು ನಮ್ಮನ್ನೇ ಅಲ್ವಾ ಅಕ್ಕ? ನೀವೂ ಒಮ್ಮೆ ಮಾಡಿ ನೋಡಿ. ನಾಲ್ಕು ಎಣಿಸುತ್ತಾ ತೆಗೆದುಕೊಳ್ಳಿ, ಎಂಟು ಎಣಿಸುತ್ತಾ ಬಿಡಿ.

ನಿಮ್ಮ,
ವನೆಸ್ಸಾ


ಕಾರ್ಕಳ
9 ಆಗಸ್ಟ್ 2024

ವನೆಸ್ಸಾ ಟೀಚರಿಗೆ,

ನೀವು ನನ್ನ ಹೆಸರು ಹೇಳಿದಿರಿ.

ಎಷ್ಟು ಸಲ ಓದಿದರೂ ನಿಮ್ಮ ಕಾಗದದ ಆ ಸಾಲಿಗೆ ಬಂದು ನಿಲ್ಲುತ್ತೇನೆ. "ಅವರಿಗೂ ಆಶ್ಚರ್ಯವಾಯಿತು." ಆಗದೆ ಉಂಟಾ? ಮರುದಿನವೇ ಜಿತೇಂದ್ರ ಸರ್ ನನ್ನನ್ನು ಕರೆಸಿದರು. "ಎಂತ ನಳಿನಾಕ್ಷಿ, ಈಗ ಕಾಗದ ಬರೆಯಲಿಕ್ಕೆ ಶುರು ಮಾಡಿದ್ದಾ? ಅಕ್ಷರ ಚಂದ ಉಂಟಂತೆ, ಟೀಚರ್ ಹೊಗಳ್ತಾರೆ" ಎಂದರು. ನಗುತ್ತಲೇ ಹೇಳಿದ್ದು. "ಸಿಪ್ಪೆ ಬಿಡಿಸುವಲ್ಲಿ ಕೂತು ನಿಮಗೆ ಯೋಚನೆ ಮಾಡಲಿಕ್ಕೆ ಪುರುಸೊತ್ತು ಜಾಸ್ತಿ ಆಗಿದೆ. ನಾಳೆಯಿಂದ ಕಟ್ಟಿಂಗಿಗೆ ಹೋಗಿ."

ಹನ್ನೊಂದು ವರ್ಷ ನಾನು ಸಿಪ್ಪೆ ವಿಭಾಗದಲ್ಲಿದ್ದವಳು. ತಿರುಳಿನ ಮೇಲಿನ ಕೆಂಪು ಸಿಪ್ಪೆಯನ್ನು ಉಗುರಿಗೆ ನೋವಾಗದ ಹಾಗೆ, ಬೀಜ ಮುರಿಯದ ಹಾಗೆ ಬಿಡಿಸುವುದು ಕಲಿಯಲು ಎರಡು ವರ್ಷ ಬೇಕು. ಬಾಯಿ ತೆರೆದೆ. ಮಾತಿಗಿಂತ ಮೊದಲು ಕಣ್ಣೀರು ಬಂತು. ನನ್ನ ಹಣೆಬರಹ ಯಾವಾಗಲೂ ಇಷ್ಟೇ. ಸಿಟ್ಟು ಬಂದರೆ ಗಂಟಲು ನಡುಗುತ್ತದೆ, ಕಣ್ಣು ತುಂಬುತ್ತದೆ, ಎದುರಿನವರು ಅದನ್ನು ಹೆದರಿಕೆ ಎಂದುಕೊಳ್ಳುತ್ತಾರೆ. ಜಿತೇಂದ್ರ ಸರ್ ಕೂಡ ಹಾಗೆಯೇ ಅಂದುಕೊಂಡು, "ಅಳಬೇಡಿ, ಅಭ್ಯಾಸ ಆಗ್ತದೆ" ಎಂದು ಸಮಾಧಾನ ಮಾಡಿ ಕಳುಹಿಸಿದರು. ಆ ಸಮಾಧಾನಕ್ಕೆ ನನಗೆ ಇನ್ನೂ ಮೈ ಉರಿಯುತ್ತದೆ.

ಕಟ್ಟಿಂಗ್ ಹಾಲಿಗೆ ನೀವು ಕಾಲಿಟ್ಟಿಲ್ಲ. ನಿಮಗೆ ತೋರಿಸಿದ್ದು ಊಟದ ಶೆಡ್ಡು ಮಾತ್ರ. ಹೇಳುತ್ತೇನೆ, ಕೇಳಿ. ಎಡಗೈಯಲ್ಲಿ ಒಂದು ಬೀಜ ಎತ್ತಿ ಬ್ಲೇಡಿನ ಬಾಯಿಗೆ ಇಡಬೇಕು. ಕಾಲಿನಲ್ಲಿ ಪೆಡಲ್ ಒತ್ತಬೇಕು. ಚಿಪ್ಪು ಎರಡಾಗುತ್ತದೆ. ಇನ್ನೊಂದು ಎತ್ತಬೇಕು. ಚಿಪ್ಪಿನಿಂದ ಒಸರುವ ಎಣ್ಣೆ ತಾಗಿದಲ್ಲಿ ಚರ್ಮ ಸುಟ್ಟು ಕಪ್ಪಾಗುತ್ತದೆ. ನಾನು ಹೋದ ನಾಲ್ಕನೇ ದಿನ ನನ್ನ ಎರಡು ಬೆರಳುಗಳ ಚರ್ಮ ಕಿತ್ತು ಬಂತು. ಈ ಕಾಗದದ ಅಕ್ಷರ ಚಂದ ಇಲ್ಲದಿದ್ದರೆ ಅದಕ್ಕೇ.

ಈಗಿನ ಕ್ಷಣದಲ್ಲಿ ಬದುಕಿ ಎಂದು ನೀವು ನಮಗೆ ಕಲಿಸಲು ಬಂದಿದ್ದೀರಿ. ಟೀಚರ್, ಆ ಹಾಲಿನಲ್ಲಿ ಅದನ್ನು ಬಿಟ್ಟು ಬೇರೆ ಇಲ್ಲ. ಮನಸ್ಸು ಅರ್ಧ ಕ್ಷಣ ಮನೆಗೆ ಹೋದರೆ ಬೆರಳು ಹೋಗುತ್ತದೆ. ನಲವತ್ತು ಹೆಂಗಸರು ದಿನಕ್ಕೆ ಎಂಟು ಗಂಟೆ ಈ ಕ್ಷಣ, ಈ ಕ್ಷಣ, ಈ ಕ್ಷಣ ಎಂದು ಕೂತಿದ್ದೇವೆ. ಶಾಂತಿ ಬಂತಾ ಎಂದು ಸುಗಂಧಿಯನ್ನು ಕೇಳಿ. ಅವಳಿಗೆ ಉತ್ತರ ಹೇಳುವಷ್ಟು ಉಸಿರಿದ್ದರೆ ಹೇಳುತ್ತಾಳೆ.

ಸಿಟ್ಟು ನಮ್ಮನ್ನೇ ಸುಡುತ್ತದೆ ಎಂದು ಬರೆದಿದ್ದೀರಿ. ಸುಟ್ಟದ್ದು ನಿಮ್ಮ ಮೃದು ಮಾತು.

ನಳಿನಾಕ್ಷಿ


ಶಂಕರಪುರ
14 ಆಗಸ್ಟ್ 2024

ನಳಿನಕ್ಕ,

ಏನು ಬರೆಯಲಿ? ನಿಮ್ಮ ಅಕ್ಷರವನ್ನು ಹೊಗಳುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು.

ಮೊನ್ನೆ ಜಿತೇಂದ್ರ ಸರ್ ಹತ್ತಿರ ಹೋಗಿ ನಿಮ್ಮನ್ನು ಮೊದಲಿನ ಜಾಗಕ್ಕೆ ಹಾಕಿ ಎಂದೆ. "ನೀವು ಉಸಿರು ನೋಡಿಕೊಳ್ಳಿ ಟೀಚರ್, ಕೆಲಸ ನಾವು ನೋಡಿಕೊಳ್ತೇವೆ" ಎಂದರು. ಚಾಪೆ ಎತ್ತಿಕೊಂಡು ಬಂದೆ.

ನಿಮ್ಮ ಕೈ ಹೇಗಿದೆ? ಅಮ್ಮ ಕೇಳುತ್ತಿದ್ದಾರೆ. ಅವರಿಗೆ ಕಾಗದ ಓದಿ ಹೇಳಿದೆ. ಬೇರೆ ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ.

ವನೆಸ್ಸಾ


ಶಂಕರಪುರ
30 ಸೆಪ್ಟೆಂಬರ್ 2024

ನಳಿನಕ್ಕ,

ನೀವು ಉತ್ತರ ಬರೆಯಲಿಲ್ಲ. ಕ್ಲಾಸಿಗೆ ಬರುತ್ತೀರಿ, ಹಿಂದಿನ ಸಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತೀರಿ. ನಿಮ್ಮನ್ನು ನೋಡುವ ಧೈರ್ಯ ನನಗೂ ಇಲ್ಲ.

ಆದರೆ ಶುಕ್ರವಾರ ಒಂದು ನೋಡಿದೆ. ಕ್ಲಾಸು ಶುರುವಾಗುವ ಮೊದಲು ಸುಗಂಧಿಗೆ ಕೆಮ್ಮು ಹತ್ತಿ ಬಗ್ಗಿ ಕೂತಿದ್ದರು. ನೀವು ಅವರ ಬೆನ್ನ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಎಣಿಸುತ್ತಿದ್ದಿರಿ. ಎಂಟರವರೆಗೆ. ಅವರಿಗೆ ಉಸಿರು ಹಿಂತಿರುಗಿತು. ನಾನು ಕಂಬದ ಹಿಂದೆ ನಿಂತು ಅತ್ತೆ.

ಇನ್ನೂ ಒಂದು ವಿಷಯ ನಿಮಗೆ ಹೇಳಬೇಕಿತ್ತು. ಇವತ್ತು ಆಗುವುದಿಲ್ಲ.

ವನೆಸ್ಸಾ


ಕಾರ್ಕಳ
22 ನವೆಂಬರ್ 2024

ವನೆಸ್ಸಾ ಅವರಿಗೆ,

ನೀವು ಹೇಳಬೇಕೆಂದಿದ್ದ ವಿಷಯ ನೋಟಿಸ್ ಬೋರ್ಡಿಗೆ ಹೊಸತಾಗಿ ಅಂಟಿಸಿದ ಕಾಗದದಲ್ಲಿ ಸಿಕ್ಕಿತು.

"ಯೋಗಾಭ್ಯಾಸದಿಂದ ಕಾರ್ಮಿಕರ ಉಸಿರಾಟದ ತೊಂದರೆ ಶೇಕಡಾ ಎಪ್ಪತ್ತರಷ್ಟು ಕಡಿಮೆಯಾಗಿದೆ. ಮಾನಸಿಕ ನೆಮ್ಮದಿ ಹೆಚ್ಚಿದೆ." ಕೆಳಗೆ ನಿಮ್ಮ ಸಹಿ, ನಿಮ್ಮ ಸೀಲು, ಆಗಸ್ಟ್ ಇಪ್ಪತ್ತೆಂಟನೇ ತಾರೀಕು. ಅಂದರೆ ನನ್ನ ಕೈ ಸುಟ್ಟದ್ದು ನಿಮಗೆ ಗೊತ್ತಾದ ಮೇಲೆ. ಸುಗಂಧಿಯ ಹೆಸರನ್ನು ನಾನು ಎರಡು ಸಲ ಬರೆದ ಮೇಲೆ.

ಯಾರ ಉಸಿರನ್ನು ಯಾವಾಗ ಅಳೆದಿರಿ? ಹೇಳಿ. ನನ್ನದನ್ನಂತೂ ಅಳೆಯಲಿಲ್ಲ.

ಕಳೆದ ವಾರ ಮಂಗಳವಾರ ಸುಗಂಧಿ ಮಿಷಿನಿನ ಎದುರಿನಿಂದ ಎದ್ದಳು, ಎರಡು ಹೆಜ್ಜೆ ಇಟ್ಟಳು, ಚಿಪ್ಪಿನ ರಾಶಿಯ ಮೇಲೆ ಬಿದ್ದಳು. ತುಟಿ ನೀಲಿಯಾಗಿತ್ತು. ಇಲ್ಲಿಯ ಡಾಕ್ಟರು ನೋಡಿ ಮಣಿಪಾಲಕ್ಕೆ ಕಳುಹಿಸಿದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ, "ಎಂತ ಹೊಗೆಯಲ್ಲಿ ಕೆಲಸ ಮಾಡುವುದು ಇವರು?" ಶ್ವಾಸಕೋಶ ಮೊದಲಿನ ಹಾಗೆ ಆಗುವುದು ಕಷ್ಟವಂತೆ. ಈಗ ಅವಳು ಕಾಪುವಿನಲ್ಲಿ ತಾಯಿಮನೆಯಲ್ಲಿದ್ದಾಳೆ. ಮೆಟ್ಟಿಲು ಹತ್ತಲಾರಳು.

ಮರುದಿನ ನಾವು ಹತ್ತು ಜನ ಫ್ಯಾನಿನ ವಿಷಯ ಕೇಳಲು ಹೋದೆವು. ಜಿತೇಂದ್ರ ಸರ್ ಬೋರ್ಡಿಗೆ ಬೆರಳು ತೋರಿಸಿದರು. "ಓದಿ. ಕಲಿತವರು ಬರೆದದ್ದು. ತೊಂದರೆ ಹೊಗೆಯದ್ದಾದರೆ ಎಲ್ಲರಿಗೂ ಕಡಿಮೆ ಹೇಗೆ ಆಯ್ತು? ಸುಗಂಧಿ ಯೋಗಕ್ಕೆ ಸರಿಯಾಗಿ ಬರ್ತಿರಲಿಲ್ಲ, ಅಷ್ಟೇ."

ಮೂರು ಅರ್ಜಿಗಳಿಗೆ ಸಿಗದ ಉತ್ತರ ನಿಮ್ಮ ಒಂದು ಸಹಿಯಲ್ಲಿ ಸಿಕ್ಕಿತು. ನನ್ನ ಗಂಡ, "ಆ ಹುಡುಗಿಗೆ ಬರೆದು ಎಂತ ಪ್ರಯೋಜನ? ಬಿಡು ಮಾರಾಯ್ತಿ" ಎನ್ನುತ್ತಾರೆ. ಪ್ರಯೋಜನಕ್ಕೆ ಬರೆಯುತ್ತಿಲ್ಲ. ಗೊತ್ತಿರಲಿಲ್ಲ ಎಂದು ನೀವು ಇನ್ನೊಮ್ಮೆ ಹೇಳಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ನಳಿನಾಕ್ಷಿ
ಕಟ್ಟಿಂಗ್ ವಿಭಾಗ


ಶಂಕರಪುರ
29 ನವೆಂಬರ್ 2024

ನಳಿನಕ್ಕ,

ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ.

ವರದಿ ಟೈಪ್ ಆಗಿಯೇ ಬಂದಿತ್ತು. ಗೇಟಿನ ಹತ್ತಿರ ಸ್ಕೂಟರ್ ಸ್ಟಾರ್ಟ್ ಮಾಡಿದವಳಿಗೆ ಜಿತೇಂದ್ರ ಸರ್ ಓಡಿಬಂದು ಕೊಟ್ಟರು. ಉಡುಪಿಯ ಕಡಿಯಾಳಿಯಲ್ಲಿ ನನಗೆ ನಾಲ್ಕು ಗಂಟೆಗೆ ಇನ್ನೊಂದು ಕ್ಲಾಸಿತ್ತು. ಆದರೆ ಅವಸರದಲ್ಲಿ ಓದದೆ ಸಹಿ ಹಾಕಿದೆ ಎಂದರೆ ಅದು ಸುಳ್ಳು. ಓದಿದೆ. ಶೇಕಡಾ ಎಪ್ಪತ್ತು ಎನ್ನುವಲ್ಲಿ ಪೆನ್ನು ನಿಂತಿತು. ಇದು ಯಾರು ಲೆಕ್ಕ ಹಾಕಿದ್ದು ಎಂದು ಕೇಳಿದೆ. "ಅಂದಾಜು ಟೀಚರ್. ಮುಂದಿನ ವರ್ಷವೂ ನೀವೇ ಬರುವುದಲ್ವಾ?" ಎಂದರು. ಸ್ಕೂಟರಿನ ಸೀಟಿನ ಮೇಲೆ ಇಟ್ಟು ಸಹಿ ಹಾಕಿದೆ.

ಅವತ್ತು ಸಂಜೆ ಕಡಿಯಾಳಿಯಲ್ಲಿ ಹೇಳಿಕೊಟ್ಟದ್ದು ಸತ್ಯದ ಬಗ್ಗೆ. ಸತ್ಯವೆಂದರೆ ಮನಸ್ಸು, ಮಾತು, ಕೆಲಸ ಒಂದೇ ಆಗಿರುವುದು ಎಂದೆ. ನನ್ನ ಧ್ವನಿ ಬಹಳ ಶಾಂತವಾಗಿತ್ತು ಅಕ್ಕ. ಅದನ್ನು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಸುಗಂಧಿಯ ಮನೆಗೆ ಹೋಗಬೇಕೆಂದು ಕಾಪುವಿನವರೆಗೆ ಹೋದೆ. ಪೇಟೆಯಲ್ಲಿ ಬಸ್ಸು ಇಳಿದೆ. ಯಾವ ಮುಖ ಹೊತ್ತು ಹೋಗುವುದೆಂದು ಮುಂದಿನ ಬಸ್ಸಿಗೆ ಹಿಂದೆ ಬಂದೆ.

ವನೆಸ್ಸಾ


ಶಂಕರಪುರ
18 ಜನವರಿ 2025

ನಳಿನಕ್ಕ,

ನಿನ್ನೆ ನೀವು ಕೆಲಸಕ್ಕೆ ಬಂದಿರಲಿಲ್ಲ. ನಾಲ್ಕು ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಿಮಗೆ ಫೋನು ಮಾಡಿದ್ದರಂತೆ. ನೀವು ಕೇಳದೆ ಕೊಟ್ಟ ವಿಶ್ರಾಂತಿಯ ಅರ್ಥ ನನಗೆ ಹತ್ತು ಗಂಟೆಗೆ ಆಯಿತು. ಹೊರದೇಶದಲ್ಲಿ ನಮ್ಮ ಗೇರುಬೀಜ ಕೊಳ್ಳುವವರ ಕಡೆಯಿಂದ ತಪಾಸಣೆಗೆ ಇಬ್ಬರು ಬರುವವರಿದ್ದರು, ಒಬ್ಬ ಹೆಂಗಸು, ಒಬ್ಬ ಗಂಡಸು. ಅದನ್ನು ನನಗೆ ವಾರದ ಮೊದಲೇ ತಿಳಿಸಿದ್ದರು, ನನ್ನ ವರದಿಯನ್ನು ಅವರಿಗೆ ಕಳುಹಿಸಿಯೂ ಆಗಿತ್ತು. ಊಟದ ಶೆಡ್ಡಿಗೆ ಬಾಳೆ ಕಟ್ಟಿ ಅಲಂಕಾರ ಮಾಡಿದ್ದರು. ಯೋಗ ಪ್ರದರ್ಶನ, ಆಮೇಲೆ ಸಿಪ್ಪೆ ವಿಭಾಗ ತೋರಿಸುವುದು, ಚಹಾ, ಮುಗಿಯಿತು. ಕಟ್ಟಿಂಗ್ ಹಾಲಿನ ಬಾಗಿಲು ಮುಚ್ಚಿತ್ತು.

ಅವರು ಬಂದು ಕುರ್ಚಿಯಲ್ಲಿ ಕುಳಿತರು. ಜಿತೇಂದ್ರ ಸರ್ ನನಗೆ ಕಣ್ಸನ್ನೆ ಮಾಡಿದರು. ನಾನು ಎದ್ದು ನನ್ನ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. "ಇವರು ಕೆಲಸ ಮಾಡುವ ಜಾಗದಲ್ಲೇ ಅಭ್ಯಾಸ ತೋರಿಸ್ತೇವೆ" ಎಂದು ಹೇಳಿ ನಡೆದೆ. ಯಾರಾದರೂ ಹಿಂದೆ ಬರುತ್ತಾರೋ ಇಲ್ಲವೋ ತಿರುಗಿ ನೋಡಲಿಲ್ಲ. ಚಪ್ಪಲಿಯಿಲ್ಲದ ಕಾಲುಗಳ ಸದ್ದು ಕೇಳಿತು. ಎಲ್ಲರೂ ಬಂದರು. ಕುರ್ಚಿಯಲ್ಲಿದ್ದವರೂ ಬಂದರು.

ಬಾಗಿಲು ತೆರೆದೆ. ಏಳು ತಿಂಗಳು ವಾರಕ್ಕೆ ಮೂರು ಸಲ ನಾನು ಆ ಗೋಡೆಯ ಆಚೆ ನಿಂತು ದೀರ್ಘವಾಗಿ ಉಸಿರೆಳೆಯಿರಿ ಎಂದಿದ್ದೇನೆ. ಒಳಗಿನ ಗಾಳಿ ಗಂಟಲಿಗೆ ಮೆಣಸಿನಕಾಯಿ ತುರುಕಿದ ಹಾಗೆ ನುಗ್ಗಿತು. ಕಣ್ಣಲ್ಲಿ ನೀರು ಬಂತು. ಜಿತೇಂದ್ರ ಸರ್ ಕರ್ಚೀಫನ್ನು ಮೂಗಿಗೆ ಹಿಡಿದಿದ್ದರು.

ಬಂದ ಇಬ್ಬರಿಗೆ, "ದಯವಿಟ್ಟು ಇಲ್ಲಿ ನಿಂತು ಒಂದೇ ಒಂದು ಉದ್ದ ಉಸಿರು ತೆಗೆದುಕೊಳ್ಳಿ" ಎಂದೆ. ಆ ಹೆಂಗಸು ತೆಗೆದುಕೊಂಡರು. ಅರ್ಧಕ್ಕೇ ಕೆಮ್ಮಿ ಗೋಡೆ ಹಿಡಿದರು. ಆಮೇಲೆ ಹೇಳಿದೆ: ನಿಮ್ಮ ಫೈಲಿನಲ್ಲಿರುವ ವರದಿ ಸುಳ್ಳು. ಸಹಿ ಹಾಕಿದವಳು ನಾನು. ಯಾರ ಉಸಿರನ್ನೂ ನಾನು ಅಳೆದಿಲ್ಲ. ಈ ಹಾಲಿನಲ್ಲಿ ಕೆಲಸ ಮಾಡಿದ ಸುಗಂಧಿ ಎಂಬವರು ಇವತ್ತು ಮೆಟ್ಟಿಲು ಹತ್ತಲಾರರು. ಅದನ್ನೇ ಬರೆದು ತಂದಿದ್ದೆ, ಅವರ ಕೈಗೆ ಕೊಟ್ಟೆ.

ಇಷ್ಟು ವರ್ಷದ ಯೋಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಎಂಟರವರೆಗೆ ಎಣಿಸಲು ನೋಡಿದೆ, ಮೂರಕ್ಕೇ ಮರೆತುಹೋಯಿತು.

ಇನ್ನು ಬರುವುದು ಬೇಡ ಎಂದು ಗೇಟಿನಲ್ಲೇ ಹೇಳಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಕಣ್ಣು ತೆಗೆಯದೆ, "ಆಗಸ್ಟಿನಲ್ಲಿ ಮಾಡಬೇಕಿತ್ತು" ಎಂದರು. ಅಷ್ಟೇ.

ವನೆಸ್ಸಾ


ಕಾರ್ಕಳ
9 ಫೆಬ್ರವರಿ 2025

ವನೆಸ್ಸಾ,

ನಿಮ್ಮ ಅಮ್ಮ ಹೇಳಿದ್ದೇ ಸರಿ. ಆಗಸ್ಟಿನಲ್ಲಿ ಮಾಡಿದ್ದರೆ ಸುಗಂಧಿ ಮೂರು ತಿಂಗಳ ಹೊಗೆ ಕಡಿಮೆ ಕುಡಿಯುತ್ತಿದ್ದಳು. ಇದನ್ನು ಮೊದಲು ಬರೆದುಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಎಲ್ಲಾ ಸರಿಯಾಯಿತು ಎಂದು ನೀವು ತಿಳಿಯಬಾರದು.

ನಾಲ್ಕು ದಿನದ ನನ್ನ ವಿಶ್ರಾಂತಿ ಎರಡು ವಾರವಾಯಿತು. ಆಮೇಲೆ ಇನ್ನು ಬರುವುದೇ ಬೇಡ ಎಂದರು. ನಿಮಗೆ ಹೇಳಿಕೊಟ್ಟು ಹಾಗೆ ಮಾಡಿಸಿದವಳು ನಾನಂತೆ. ನೀವಿಲ್ಲದ ಕಾರಣ ಊಟದ ಶೆಡ್ಡಿನಲ್ಲಿ ದೊಡ್ಡ ಟಿವಿ ಇಟ್ಟು ಯೋಗದ ವಿಡಿಯೋ ಹಾಕಲು ಶುರು ಮಾಡಿದ್ದರು. ಮುಂದಿನದ್ದನ್ನು ನನಗೆ ಫೋನಿನಲ್ಲಿ ಹೇಳಿದ್ದು ಭವ್ಯಶ್ರೀ. ಸಿಪ್ಪೆ ವಿಭಾಗಕ್ಕೆ ಸೇರಿ ವರ್ಷವೂ ಆಗದ ಹುಡುಗಿ.

ಕಳೆದ ಸೋಮವಾರ ವಿಡಿಯೋದ ಕೊನೆಗೆ ಎಲ್ಲರೂ ಶವಾಸನದಲ್ಲಿ ಮಲಗಿದರಂತೆ. ಎರಡು ಗಂಟೆಯ ಬೆಲ್ ಆಯಿತು. ಯಾರೂ ಏಳಲಿಲ್ಲ. "ಏಳಿ, ಏಳಿ, ಬೆಲ್ ಕೇಳಲಿಲ್ವಾ?" ಎಂದು ಜಿತೇಂದ್ರ ಸರ್ ಸಾಲಿನಿಂದ ಸಾಲಿಗೆ ಓಡಿದರು. ಟಿವಿಯೊಳಗಿನ ಧ್ವನಿ, "ದೇಹವನ್ನು ಪೂರ್ತಿ ಸಡಿಲ ಬಿಡಿ, ಯಾವ ಆತುರವೂ ಇಲ್ಲ" ಎನ್ನುತ್ತಲೇ ಇತ್ತು. ಅವರಿಗೆ ರಿಮೋಟ್ ಸಿಗಲಿಲ್ಲವಂತೆ. ಎರಡೂವರೆಯಾಯಿತು, ಮೂರಾಯಿತು. ಬಾಯ್ಲರಿನವನು ಬಂದು ಬಾಗಿಲಲ್ಲಿ ನಿಂತು ನೋಡಿದ, ನಕ್ಕು ಹೋದ. ಕೊನೆಗೆ ಮ್ಯಾನೇಜರೇ ಇಳಿದು ಬಂದರು. "ಎಂತ ಇದು?" ಎಂದು ಕೇಳಿದಾಗ ಭವ್ಯಶ್ರೀ ಮಲಗಿದಲ್ಲಿಂದಲೇ, ಕಣ್ಣು ತೆರೆಯದೆ, "ಸರ್, ನಾವು ಈಗಿನ ಕ್ಷಣದಲ್ಲಿ ಇದ್ದೇವೆ. ನಳಿನಕ್ಕ ಬಂದ ಮೇಲೆ ಮುಂದಿನ ಕ್ಷಣ" ಎಂದಳಂತೆ.

ಫೋನು ಹಿಡಿದುಕೊಂಡು ನಾನು ನಗುತ್ತಾ ಅಡಿಗೆಮನೆಯಲ್ಲೇ ಕೂತುಬಿಟ್ಟೆ.

ಮಂಗಳವಾರ ಕರೆ ಬಂತು. ಮ್ಯಾನೇಜರ್ ಕೋಣೆಯಲ್ಲಿ ಅವರು, ಜಿತೇಂದ್ರ ಸರ್, ಕಾರ್ಖಾನೆಯ ವಕೀಲರೊಬ್ಬರು. ನನಗೆ ಕುರ್ಚಿ ಇರಲಿಲ್ಲ. ಸಿಟ್ಟು ಹೊಟ್ಟೆಯಿಂದ ಏಳುವುದು ಗೊತ್ತಾಯಿತು. ಗಂಟಲಿಗೆ ಬಂತು, ಇನ್ನೇನು ಕಣ್ಣಿಗೆ ಬರಬೇಕು. ಆಗ ಉಸಿರು ಬಿಟ್ಟೆ. ಎಂಟು ಎಣಿಸಿದೆ. ಆ ಮೂವರು ಕಾಯುತ್ತಾ ಕೂತಿದ್ದರು. ಕಾಯಲಿ ಎಂದು ಇನ್ನೊಮ್ಮೆ ಬಿಟ್ಟೆ. ಆಮೇಲೆ ಫ್ಯಾನು, ಊಟದ ಬಿಡುವು, ಸುಗಂಧಿಯ ಚಿಕಿತ್ಸೆ, ಒಂದೊಂದಾಗಿ ಎತ್ತಿ ಮಾತಾಡಿದೆ. ಧ್ವನಿ ನಡುಗಲಿಲ್ಲ. ನನ್ನ ನಲವತ್ತೇಳು ವರ್ಷದಲ್ಲಿ ಮೊದಲ ಸಲ ಸಿಟ್ಟು ಸಿಟ್ಟಿನ ಹಾಗೆಯೇ ಕೇಳಿಸಿತು. ಜಿತೇಂದ್ರ ಸರ್ "ಸಮಾಧಾನ ಮಾಡಿಕೊಳ್ಳಿ" ಎಂದರು. "ನಾನು ಸಮಾಧಾನದಲ್ಲೇ ಇದ್ದೇನೆ ಸರ್, ನೀವು ಕೇಳಿಸಿಕೊಳ್ಳಿ" ಎಂದೆ.

ಇದನ್ನು ನೀವು ಕಲಿಸಿದ್ದು. ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಬಿಡಲಿಕ್ಕೆ ಕಲಿಸಿದಿರಿ, ನಾನು ಹಿಡಿದುಕೊಳ್ಳಲಿಕ್ಕೆ ಬಳಸಿದೆ.

ನಾಲ್ಕರಲ್ಲಿ ಎರಡು ಫ್ಯಾನು ತಿರುಗುತ್ತಿವೆ. ಊಟದ ಬಿಡುವು ಪೂರ್ತಿ ನಮ್ಮದಾಯಿತು. ಬೇಕಾದವರು ಯೋಗ ಮಾಡುತ್ತಾರೆ, ಬೇಡದವರು ಗೊರಕೆ ಹೊಡೆಯುತ್ತಾರೆ. ನಾನು ಕೆಲಸಕ್ಕೆ ಹೋಗುತ್ತಿದ್ದೇನೆ, ಇನ್ನೂ ಕಟ್ಟಿಂಗಿನಲ್ಲೇ. ಆದರೆ ಸುಗಂಧಿಯ ಕಾಯಿಲೆಗೂ ಕಾರ್ಖಾನೆಗೂ ಸಂಬಂಧ ಇಲ್ಲ ಎಂದು ಆ ವಕೀಲರು ಬರೆದುಕೊಟ್ಟಿದ್ದಾರೆ. ಕಾಪುವಿನ ಸಮುದ್ರದ ಗಾಳಿಗೆ ಹುಟ್ಟಿ ಬೆಳೆದವಳಲ್ಲವೇ, ಮೊದಲೇ ಇದ್ದಿರಬಹುದಂತೆ. ಓದುವಾಗ ನನ್ನ ಕೈಯಲ್ಲಿ ಆ ಕಾಗದ ಮುದುಡಿಹೋಯಿತು.

ನಿನ್ನೆ ಅವಳನ್ನು ನೋಡಲು ಕಾಪುವಿಗೆ ಹೋಗಿದ್ದೆ. ಮಾತು ಮಾತಿಗೆ ನಿಂತು ಉಸಿರು ತೆಗೆಯುತ್ತಾಳೆ. ವಕೀಲರ ಕಾಗದ ಓದಿ ಹೇಳಿದೆ. ಅವಳ ತಾಯಿ ಮೀನು ಕತ್ತರಿಸುತ್ತಿದ್ದವರು ಮೆಟ್ಟುಕತ್ತಿ ಮಡಚಿ, "ಸಮುದ್ರದ ಗಾಳಿಯಾ? ಬರಲಿ ಅವರು, ಕುಡಿದು ನೋಡಲಿ" ಎಂದರು. ಆಮೇಲೆ ಸುಗಂಧಿ, "ಉಡುಪಿಯಲ್ಲಿ ಲೇಬರ್ ಆಫೀಸು ಉಂಟಲ್ವಾ ಅಕ್ಕ? ನಾನೇ ಬಂದು ಹೇಳ್ತೇನೆ" ಎಂದಳು. ಮೆಟ್ಟಿಲಿದ್ದರೆ ಹೇಗೆ ಎಂದೆ. "ಕೂತು ಕೂತು ಹತ್ತುವುದು" ಎಂದಳು. ಟೀಚರ್ ಮೇಲೆ ಸಿಟ್ಟುಂಟಾ ಎಂದೂ ಕೇಳಿದೆ. "ಉಂಟು. ಬಂದು ಎದುರಿಗೆ ನಿಲ್ಲಲಿ" ಎಂದಳು.

ಹದಿನೇಳನೇ ತಾರೀಕು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಉಡುಪಿ ಬಸ್‌ಸ್ಟ್ಯಾಂಡಿಗೆ ಬನ್ನಿ. ಅವಳ ಎದುರು ಮೊದಲು ನಿಲ್ಲಿ, ಆಮೇಲೆ ಆಫೀಸರ ಎದುರು. ನೀವು ಬಾರದಿದ್ದರೆ ನಾವಿಬ್ಬರೇ ಹೋಗುತ್ತೇವೆ.

ಬರುತ್ತೀರೋ ಇಲ್ಲವೋ ಎಂದು ನಾನು ಇವತ್ತು ಯೋಚಿಸುವುದಿಲ್ಲ. ಇವತ್ತು ಭಾನುವಾರ. ಬಿಸಿಲು ಚೆನ್ನಾಗಿ ಉಂಟು, ಒಗೆಯುವ ಬಟ್ಟೆ ಒಂದು ರಾಶಿ ಉಂಟು. ಬಾವಿಕಟ್ಟೆಗೆ ಹೊರಟೆ.

ನಳಿನಾಕ್ಷಿ